‘ಪುಟ್ ಆಫ್’ ಎಂಬ ಆಂಗ್ಲ ಕ್ರಿಯಾಪದದ ಪ್ರಯೋಗವಿಚಾರ

ಪರೀಕ್ಷೆಯು ಒಂದು ವಾರ ಮುಂದಕ್ಕೆ ಹೋಯಿತೆಂಬ ಸುದ್ದಿಯನ್ನು ಕನ್ನಡ ವಿದ್ಯಾರ್ಥಿಯು ಆಂಗ್ಲಭಾಷೆಯಲ್ಲಿ ಬರೆಯಹೊರಟಾಗ, ‘ಮುಂದಕ್ಕೆ’ ಎಂಬುದಕ್ಕೆ ‘ಫಾರ್ವರ್ಡ್’ ಎಂಬ ಶಬ್ದವು ತಾನೇ ತಾನಾಗಿ ಲೇಖನಿಗೆ ಬರುತ್ತದೆ. ‘ದಿ ಎಕ್ಸಾಮಿನೇಷನ್ ವಾಸ್ ಬ್ರಾಟ್ ಫಾರ್ವರ್ಡ್ ಬೈ ಎ ವೀಕ್’ ಎಂದು ಬರೆದು ಅವನು ನಿಶ್ಚಿಂತನಾಗುತ್ತಾನೆ. ಆಂಗ್ಲವನ್ನು ಬಲ್ಲವನು ಅದನ್ನೋದಿದರೆ, ಪರೀಕ್ಷೆಯು ಗೊತ್ತಾದ ದಿನಕ್ಕಿಂತ ಒಂದು ವಾರ ಮೊದಲೇ ಬಂದಿತೆಂದು ತಿಳಿಯುತ್ತಾನೆ! ಕನ್ನಡದ ‘ಮುಂದೆ’ಯು ಬರಲಿರುವ ದಿನಗಳ ಕಡೆಗೆ ಸರಿದರೆ, ಆಂಗ್ಲರ ‘ಬ್ರಿಂಗ್ ಫಾರ್ವರ್ಡ್’ ಇಂದಿನ ಕಡೆಗೆ ಸರಿಯುತ್ತದೆ. ಉದ್ಯೋಗದ ಸಂದರ್ಶನಕ್ಕೆ ಇನ್ನಷ್ಟು ಕಾಲಾವಕಾಶ ಬೇಡಿ ಬರೆದ ಪತ್ರದಲ್ಲಿ ಈ ಪ್ರಮಾದ ನುಸುಳಿತೆಂದರೆ ಅದರ ಫಲವನ್ನು ಹೇಳಬೇಕಾಗಿಲ್ಲ.

ಇಲ್ಲಿ ಸಲ್ಲತಕ್ಕ ಪದ ‘ಪುಟ್ ಆಫ್’. ‘ಪುಟ್’ ಎಂದರೆ ಇಡು, ‘ಆಫ್’ ಎಂದರೆ ಆಚೆಗೆ, ದೂರಕ್ಕೆ, ಕೂಡಿದಾಗ ಮುಂದೂಡು. ಇದೇ ಅರ್ಥದ ‘ಪೋಸ್ಟ್‌ಪೋನ್’ ಎಂಬುದೂ ಲ್ಯಾಟಿನ್ನಿನಲ್ಲಿ ‘ಬಳಿಕ ಇಡು’ ಎಂದೇ ಹುಟ್ಟಿದ್ದು. ಇಂತಹ ಜೋಡುಪದಗಳು ಪರದೇಶಿಯರಿಗೆ ಬಹಳ ಕಷ್ಟವನ್ನುಂಟುಮಾಡುವುವೆಂದು ಡಾಕ್ಟರ್ ಜಾನ್ಸನ್ನನು 1755ರ ತನ್ನ ನಿಘಂಟಿನ ಪೀಠಿಕೆಯಲ್ಲಿಯೇ ಹೇಳಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಮಾತ್ರ ಈಚಿನದು. ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕನು ಅದನ್ನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕನಾಗಿದ್ದ ಹೆನ್ರಿ ಬ್ರಾಡ್ಲಿಯಿಂದ ಪಡೆದು 1925ರಲ್ಲಿ ತನ್ನ ಗ್ರಂಥದಲ್ಲಿ ಬಳಸಿದನು.

ಆದರೆ ಸಂಸ್ಕೃತವ್ಯಾಕರಣದ ಗಾಳಿ ಸೋಕಿದವರಿಗೆ ಇದು ತೀರ ಅಪರಿಚಿತವಲ್ಲ. ‘ಹೃ’ ಧಾತು ಒಂದೇ. ಉಪಸರ್ಗಗಳು ಬೇರೆಯಾದಂತೆ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳಾಗಿ ಅರ್ಥವು ಎಲ್ಲಿಂದೆಲ್ಲಿಗೋ ಹೋಗುತ್ತದೆ. ‘ಆಫ್’ ಮಾಡುವುದೂ ಅದೇ ಕೆಲಸ. ಲೌಕಿಕ ಸಂಸ್ಕೃತದಲ್ಲಿ ಉಪಸರ್ಗವು ಧಾತುವಿಗೆ ಮೊದಲೇ ಬರತಕ್ಕದ್ದು. ವೇದದಲ್ಲಾದರೋ ಅದು ಧಾತುವಿನ ಬಳಿಕವೂ ಬರಬಹುದು, ನಡುವೆ ಬೇರೆ ಪದಗಳೂ ನಿಲ್ಲಬಹುದು. ಪಾಣಿನಿಯು ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ನಾಲ್ಕನೆಯ ಪಾದದಲ್ಲಿ, 80ರಿಂದ 82ರವರೆಗಿನ ಸೂತ್ರಗಳಲ್ಲಿ ಇದನ್ನು ವಿಧಿಸಿದ್ದಾನೆ. ಆ ಸ್ವಾತಂತ್ರ್ಯದಂತಹುದೇ ಒಂದು ಸ್ವಾತಂತ್ರ್ಯವನ್ನು ಇಂದಿನ ಆಂಗ್ಲದಲ್ಲಿ ಕಾಣಬಹುದು.

‘ದೇ ಪುಟ್ ಆಫ್ ದಿ ಮೀಟಿಂಗ್’ ಎಂದರೂ ಸರಿ, ‘ದೇ ಪುಟ್ ದಿ ಮೀಟಿಂಗ್ ಆಫ್’ ಎಂದರೂ ಸರಿ. ಕರ್ಮಪದವು ವಿಶೇಷಣಗಳಿಂದ ಕೂಡಿ ಉದ್ದವಾಗಿದ್ದರೆ ಅದನ್ನು ಕೊನೆಯಲ್ಲಿಡುವುದೇ ಲೇಸು. ಸರ್ವನಾಮವು ಕರ್ಮವಾದಾಗ ಮಾತ್ರ ಈ ವಿಕಲ್ಪವಿಲ್ಲ: ‘ದೇ ಪುಟ್ ಇಟ್ ಆಫ್’ ಎಂದೇ ಹೇಳಬೇಕು, ‘ದೇ ಪುಟ್ ಆಫ್ ಇಟ್’ ಎಂಬುದು ಅಸಾಧು. ಆಂಗ್ಲವಾಕ್ಯದ ಕೊನೆಯ ಸ್ಥಾನವು ಒತ್ತಿನ ಸ್ಥಾನ. ‘ಇಟ್’, ‘ಹಿಮ್’, ‘ದೆಮ್’ಗಳಂತಹ ಹಗುರ ಪದಗಳು ಅಲ್ಲಿ ನಿಲ್ಲಲಾರವು. ಕಾರಣವನ್ನು ತಿಳಿಸದೆ ನಿಯಮವನ್ನಷ್ಟೇ ಬಾಯಿಪಾಠ ಮಾಡಿಸುವುದರಿಂದಲೇ ಈ ತಪ್ಪು ಮತ್ತೆ ಮತ್ತೆ ತಲೆಯೆತ್ತುತ್ತದೆ.

ಇನ್ನು, ಮುಂದೂಡಿದ್ದು ಒಂದು ಕೆಲಸವಾದರೆ? ‘ಹಿ ಪುಟ್ ಆಫ್ ಟು ರೈಟ್ ದಿ ಲೆಟರ್’ ಎಂದು ಬರೆಯುವವರುಂಟು. ‘ಹಿ ಪುಟ್ ಆಫ್ ರೈಟಿಂಗ್ ದಿ ಲೆಟರ್’ ಎಂಬುದು ಶುದ್ಧಪ್ರಯೋಗ. ಇಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. ‘ಪತ್ರ ಬರೆಯಲು ಮುಂದೂಡಿದನು’ ಎಂದು ಯಾವ ಕನ್ನಡಿಗನೂ ಹೇಳನು. ‘ಪತ್ರ ಬರೆಯುವುದನ್ನು ಮುಂದೂಡಿದನು’ ಎನ್ನುತ್ತಾನೆ. ‘ಬರೆಯುವುದು’ ಎಂಬ ಭಾವನಾಮಕ್ಕೆ ‘ರೈಟಿಂಗ್’ ಸಮನಾದುದು. ತಾಯ್ನುಡಿಯು ಆಂಗ್ಲಕಲಿಕೆಗೆ ಅಡ್ಡಿಯೆಂದು ದೂರುವವರು ಈ ಉದಾಹರಣೆಯನ್ನು ಪರಿಶೀಲಿಸಬಹುದು.

ಕರ್ಮಸ್ಥಾನದಲ್ಲಿ ವ್ಯಕ್ತಿಯಿದ್ದರೆ ಅರ್ಥವು ಕವಲೊಡೆಯುತ್ತದೆ. ‘ಹಿ ಪುಟ್ಸ್ ಹಿಸ್ ಕ್ರೆಡಿಟರ್ಸ್ ಆಫ್’ ಎಂದರೆ ಸಾಲಗಾರನು ಸಾಲ ಕೊಟ್ಟವರನ್ನು ಸಬೂಬು ಹೇಳಿ ಸಾಗಹಾಕುತ್ತಾನೆಂದು. 1990ರ ದಶಕದಲ್ಲಿ ಕರ್ನಾಟಕದ ಹಲವೆಡೆ ದೆವ್ವದ ಭಯದಿಂದ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದುಂಟಷ್ಟೆ. ದೆವ್ವವನ್ನು ಹಾಗೆ ಹಿಂದಿರುಗಿಸುವುದೂ ಈ ಪದದ ವ್ಯಾಪ್ತಿಗೇ ಸೇರುತ್ತದೆ. ‘ದಿ ಸ್ಮೆಲ್ ಪುಟ್ ಹಿಮ್ ಆಫ್’ ಎಂಬಲ್ಲಿಯಾದರೋ ಕಾಲದ ಮಾತೇ ಇಲ್ಲ; ವಾಸನೆಯಿಂದ ಅವನಿಗೆ ಹೇವರಿಕೆಯಾಯಿತು, ಮನಸ್ಸು ಹಿಂಜರಿಯಿತು ಎಂದರ್ಥ. ‘ಡೋಂಟ್ ಬಿ ಪುಟ್ ಆಫ್ ಬೈ ದಿ ಪ್ರೈಸ್’ ಎಂದರೆ ಬೆಲೆಯನ್ನು ಕೇಳಿ ಹಿಮ್ಮೆಟ್ಟಬೇಡ ಎಂದು. ಕರ್ಮಣಿಪ್ರಯೋಗದಲ್ಲಿಯೂ ‘ಆಫ್’ ಎಂಬುದು ‘ಪುಟ್’ನ ಬೆನ್ನು ಬಿಡದಿರುವುದನ್ನು ಗಮನಿಸಬೇಕು.

ದೀಪವನ್ನು ಆರಿಸುವುದಕ್ಕೂ ‘ಪುಟ್ ಆಫ್’ ಎನ್ನುವ ರೂಢಿ ನಮ್ಮ ನಾಡಿನಲ್ಲಿ ವಿಶೇಷವಾಗಿದೆ. ಅದು ಅರ್ಥವಾಗದ ಮಾತೇನಲ್ಲ. ಆದರೂ ವಿದ್ಯುದ್ದೀಪಕ್ಕೆ ‘ಸ್ವಿಚ್ ಆಫ್’ ಅಥವಾ ‘ಟರ್ನ್ ಆಫ್’, ಎಣ್ಣೆಯ ಹಣತೆಗೆ ‘ಪುಟ್ ಔಟ್’ ಎಂದು ಬರೆಯುವುದು ಉಚಿತ.