ಅಟ್ಟದ ಮೇಲಿನ ಪೆಟ್ಟಿಗೆ

ಕದ್ರಿಯ ನಮ್ಮ ಹೆಂಚಿನ ಮನೆಯನ್ನು ಮೇ ತಿಂಗಳೊಳಗೆ ತೆರವು ಮಾಡಬೇಕು. ಅಲ್ಲಿ ಬಹುಮಹಡಿ ಕಟ್ಟಡ ಏಳಲಿದೆ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯೊಂದೇ ನನ್ನ ಪಾಲಿನ ಕೆಲಸ. ಜನವರಿಯ ಮಂಜುನಾಥನ ಜಾತ್ರೆ ಮುಗಿಯಲೆಂದಿದ್ದೆ; ಏಪ್ರಿಲ್ ಬಂತು. ಕಚೇರಿಯ ವರದಿಯ ನೆಪ ಹೇಳಿ ಪೆಟ್ಟಿಗೆಯನ್ನು ಮುಂದೂಡಿದವನಿಗೆ, ವರದಿ ಬರೆಯಲು ಕುಳಿತಾಗ ಪೆಟ್ಟಿಗೆಯೇ ನೆಪವಾಗಿ ಒದಗಿತು!

ಅಂತೂ ಇಳಿಸಿದೆ. ಕರಾವಳಿಯ ಮಳೆಗಾಲ ಕಾಗದವನ್ನು ಉಳಿಸುವುದಿಲ್ಲ. ಕನ್ನಡದಲ್ಲಿ 1949ರಲ್ಲಿ ಆರಂಭವಾಗಿ 2013ರ ವೇಳೆಗೆ ನಿಂತುಹೋದ ‘ಚಂದಮಾಮ’ದ ಹಳೆಯ ಸಂಚಿಕೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಬೇತಾಳನನ್ನು ಬಿಡಿಸಹೋದರೆ ವಿಕ್ರಮನ ತೋಳೂ ಕಿತ್ತುಬಂತು.

ತಳದಲ್ಲೊಂದು ಇನ್‌ಲ್ಯಾಂಡ್ ಪತ್ರ. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ನಾನು ಬರೆಯತೊಡಗಿದ್ದು. ‘ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಮಳೆ ಜೋರಾಗಿದೆ’ ಎಂಬಲ್ಲಿಗೆ ನಿಂತಿದೆ. ನಾಳೆ ಮುಗಿಸೋಣವೆಂದು ಎತ್ತಿಟ್ಟಿರಬೇಕು. ಅಪ್ಪ ತೀರಿಕೊಂಡು ಹನ್ನೆರಡು ವರ್ಷಗಳಾದವು.

ಅಮ್ಮನಿಗೆ ಓದಿ ಹೇಳಿದೆ. ‘ನಿನ್ನ ಕಾಗದ ಯಾಕೆ ಬರಲಿಲ್ಲವೆಂದು ಆ ಮಳೆಗಾಲದಲ್ಲಿ ಅವರು ಮೂರು ಸಲ ಕೇಳಿ ಬರೆದಿದ್ದರು ಮಗಾ’ ಎಂದಳು.

ಗುಜರಿಯವನು ಗೇಟಿನ ಬಳಿ ಕಾಯುತ್ತಿದ್ದ. ಪುಸ್ತಕಗಳನ್ನು ಪೆಟ್ಟಿಗೆಸಮೇತ ಕೊಟ್ಟುಬಿಟ್ಟೆ. ಪತ್ರ ನನ್ನ ಮೇಜಿನ ಮೇಲಿದೆ, ಮುಗಿಯದ ವರದಿಯ ಪಕ್ಕದಲ್ಲಿ.