ಕಿವಿ ಮುಚ್ಚಿಕೊಂಡ ಹುಡುಗ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯ ಹಳೆಯ ಶಾಲೆಗಳಲ್ಲಿ ಗಂಟೆಯೆಂದರೆ ರೈಲು ಹಳಿಯ ಒಂದು ತುಂಡು. ಬೇವಿನ ಕೊಂಬೆಗೋ ವರಾಂಡದ ತೊಲೆಗೋ ತಂತಿ ಬಿಗಿದು ತೂಗುಹಾಕಿರುತ್ತಾರೆ. ಕಬ್ಬಿಣದ ಸರಳಿನಿಂದ ಬಾರಿಸಿದರೆ ಭತ್ತದ ಗದ್ದೆ ದಾಟಿ ರೈಸ್ ಮಿಲ್ಲಿನವರೆಗೂ ಕೇಳಿಸುತ್ತದೆ. ಬಿಸಿಯೂಟದ ಹೊತ್ತು. ಮಕ್ಕಳು ಸ್ಟೀಲ್ ತಟ್ಟೆ ಹಿಡಿದು ಓಡುತ್ತಾರೆ. ಒಂದನೇ ತರಗತಿಯ ಒಬ್ಬ ಹುಡುಗ ಮಾತ್ರ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಯ ಮೂಲೆಗೆ ಬೆನ್ನೊತ್ತಿ ಕೂತುಬಿಡುತ್ತಾನೆ. “ಏಳೋ ಊಟಕ್ಕ, ಎಷ್ಟ್ ಸರ್ತಿ ಹೇಳ್ಬೇಕು ನಿನಗ?” ಎಂದು ಟೀಚರ್ ಭುಜ ಮುಟ್ಟಿದರೆ ಕಿರುಚುತ್ತಾನೆ. ‘ಹಟಮಾರಿ’ ಎಂಬ ಹೆಸರು ಅವನಿಗೆ ಅಂಟುವುದು ಆಗಲೇ.

ಅವನ ಮೈಯೊಳಗೆ ನಡೆಯುತ್ತಿರುವುದೇ ಬೇರೆ. ಗಂಟೆಯ ಸದ್ದು ಮಿದುಳಿಗೆ ಮುಟ್ಟಿದ್ದೇ ತಡ, ಅಪಾಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಪುಟ್ಟ ಭಾಗ ಎಚ್ಚೆತ್ತಿದೆ. ಸಿಂಪಥೆಟಿಕ್ ನರಗಳು ಚುರುಕಾಗಿ ಅಡ್ರಿನಲಿನ್ ಹರಿದಿದೆ. ಎದೆ ಹೊಡೆದುಕೊಳ್ಳುತ್ತಿದೆ, ಸ್ನಾಯುಗಳು ಬಿಗಿದಿವೆ, ಹೊಟ್ಟೆಯ ಕೆಲಸ ನಿಧಾನವಾಗಿ ಹಸಿವೇ ಅಡಗಿದೆ. ಯೋಚಿಸುವ, ಉತ್ತರಿಸುವ ಮುಂಭಾಗದ ಮಿದುಳಿನ ಹಿಡಿತ ಆ ಹೊತ್ತಿಗೆ ಸಡಿಲವಾಗಿದೆ. ಟೀಚರ್ ಕೇಳಿದ ಪ್ರಶ್ನೆ ಅವನಲ್ಲಿ ಇಳಿಯುವುದಾದರೂ ಹೇಗೆ? ಆಟಿಸಂ ಇರುವ ಎಷ್ಟೋ ಮಕ್ಕಳ ಪಾಡು ಇದು. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಕುರಿತು ಬರೆದ ಮೊದಲ ಪ್ರಬಂಧದಲ್ಲೇ ಜೋರು ಸದ್ದಿಗೆ ನಡುಗುವ ಮಕ್ಕಳಿದ್ದಾರೆ. ಆದರೂ ಸದ್ದು, ಬೆಳಕು, ಸ್ಪರ್ಶಗಳು ಅತಿಯಾಗಿ ತಟ್ಟುವುದನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಆಟಿಸಂನ ಲಕ್ಷಣವೆಂದು ಪಟ್ಟಿಗೆ ಸೇರಿಸಿದ್ದು 2013ರಲ್ಲಿ. ಎಪ್ಪತ್ತು ವರ್ಷ ಬೇಕಾಯಿತು.

ಇಂಥ ಹುಡುಗನಿಗೆ ಗಂಟೆ ಬಾರಿಸುವುದಕ್ಕೆ ಸ್ವಲ್ಪ ಮುಂಚೆ ಹೇಳಬಹುದು. ಅವನಿಗೆ ಇಷ್ಟವಿದ್ದರೆ ಸರಳನ್ನೇ ಅವನ ಕೈಗೆ ಕೊಟ್ಟು ನೋಡಬಹುದು. ತಾನೇ ಮಾಡುವ ಸದ್ದನ್ನು ಮಿದುಳು ಮೊದಲೇ ಎಣಿಸಿಕೊಂಡಿರುತ್ತದೆ. ಎಲ್ಲಿಂದಲೋ ಬಂದೆರಗುವ ಸದ್ದಿನಷ್ಟು ಅದು ಬೆಚ್ಚಿಬೀಳಿಸುವುದಿಲ್ಲ. ಎಲ್ಲ ಮಕ್ಕಳಿಗೂ ಇದು ಒಗ್ಗುತ್ತದೆಂದಲ್ಲ. ಒಗ್ಗದ ಮಗುವನ್ನು ಗಂಟೆಗೆ ಮೊದಲೇ ಅಡುಗೆಮನೆಯ ಕಡೆ ಕಳಿಸಿದರಾಯಿತು.

ಬಳ್ಳಾರಿ ನಗರದ ಚಿತ್ರ ಬೇರೆ. ಜೀನ್ಸ್ ಹೊಲಿಯುವ ಮನೆಗಳ ಓಣಿಯಲ್ಲಿ ಮಷೀನುಗಳ ಗುರ್ ಗುರ್ ಬೆಳಗಿನಿಂದ ನಿಲ್ಲುವುದಿಲ್ಲ, ಮುಖ್ಯರಸ್ತೆಯಲ್ಲಿ ಲಾರಿಗಳ ಹಾರನ್. ಇಷ್ಟರ ನಡುವೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬೆಂಚಿನ ಮೇಲೆ ಕಾಲು ಮಡಿಸುತ್ತಾಳೆ, ಬಿಡಿಸುತ್ತಾಳೆ, ಪೆನ್ಸಿಲ್ ಕಚ್ಚುತ್ತಾಳೆ, ಪಕ್ಕದವಳ ಜಡೆ ಎಳೆಯುತ್ತಾಳೆ. “ಸುಮ್ನ ಕುಂದ್ರು” ಎಂಬ ಮಾತು ದಿನಕ್ಕೆಷ್ಟು ಸಲ ಅವಳ ಮೇಲೆ ಬೀಳುತ್ತದೋ. ಇವಳದು ಎಡಿಎಚ್‌ಡಿ, ಗಮನ ನಿಲ್ಲದೆ ಮೈ ಚಡಪಡಿಸುವ ಸ್ಥಿತಿ. ಇಲ್ಲಿ ತೊಂದರೆ ತಿರುಗುಮುರುಗು: ಮೈ ಅಲುಗದಿದ್ದರೆ ಇವಳ ಗಮನ ಕುಸಿಯುತ್ತದೆ. ಒಳಗಿವಿಯ ಸಮತೋಲದ ಅಂಗಕ್ಕೆ, ಸ್ನಾಯು–ಕೀಲುಗಳಿಗೆ ಕೆಲಸ ಸಿಕ್ಕರೆ ಮಿದುಳು ಎಚ್ಚರಗೊಳ್ಳುತ್ತದೆ. ಹಾಜರಿ ಪುಸ್ತಕವನ್ನು ಹೆಡ್‌ಮಾಸ್ಟರ ಕೋಣೆಗೆ ಮುಟ್ಟಿಸುವುದು, ಕೊಡದಲ್ಲಿ ನೀರು ತರುವುದು, ಬೋರ್ಡು ಒರೆಸುವುದು, ಹಿಂದೆ ನಿಂತುಕೊಂಡೇ ಲೆಕ್ಕ ಮಾಡುವುದು ಇವೆಲ್ಲ ಇವಳಿಗೆ ಕಲಿಕೆಯ ಭಾಗವೇ. ಆಟದ ಪಿರಿಯಡ್ ಕಿತ್ತುಕೊಳ್ಳುವ ಶಿಕ್ಷೆಯಂತೂ ಇಂಥ ಮಗುವಿಗೆ ಕೊಡಲೇಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿದೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ. ಇವಳ ಎಡಿಎಚ್‌ಡಿಗೆ ಅದರಲ್ಲಿ ಪ್ರತ್ಯೇಕ ಹೆಸರಿಲ್ಲ. ಹಾಗಾಗಿ ಇಂಥವರು ‘ತುಂಟಿ’ಯರಾಗಿಯೇ ಉಳಿದುಬಿಡುತ್ತಾರೆ.

ಕುರುಗೋಡಿಗೆ ಬಂದರೆ ಊರಿನ ಬೆನ್ನಿಗೇ ಬಂಡೆಯ ಬೆಟ್ಟ. ಮಾರ್ಚ್ ಬಂತೆಂದರೆ ಕಲ್ಲು ಕಾದು ಮಧ್ಯಾಹ್ನದ ಗಾಳಿಯೂ ಸುಡುತ್ತದೆ. ಕಣದಲ್ಲಿ ಹರವಿದ ಮೆಣಸಿನಕಾಯಿಯ ಘಾಟು ಕಿಟಕಿಯಿಂದ ಒಳಗೆ ಬರುತ್ತದೆ. ನಮಗೆ ಒಂದು ಸೀನು, ವಾಸನೆ ಅತಿಯಾಗಿ ತಟ್ಟುವ ಮಗುವಿಗೆ ಇಡೀ ಮಧ್ಯಾಹ್ನ ಹಾಳು.

ಸದ್ದು, ವಾಸನೆಯಂತೆ ಕಣ್ಣಿಗೆ ಬೀಳುವುದೂ ತಟ್ಟುತ್ತದೆ. ನಲಿ–ಕಲಿ ಕೋಣೆಯ ಒಳಗೆ ಕತ್ತೆತ್ತಿ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿ ರಾಜ್ಯದ ಪುಟ್ಟ ಮಕ್ಕಳಿಗೆ ಕೊಟ್ಟಿದ್ದು ಸಣ್ಣದಲ್ಲ: ನೆಲದ ಮೇಲೆ ಗುಂಪು, ತನ್ನ ವೇಗಕ್ಕೆ ತಕ್ಕ ಕಲಿಕೆ, ಮುಂದೇನು ಎಂದು ಚಿತ್ರದಲ್ಲೇ ತೋರಿಸುವ ಕಲಿಕಾ ಏಣಿ. ಮುಂದೇನು ಎಂದು ಗೊತ್ತಿದ್ದರೆ ಆಟಿಸಂ ಇರುವ ಮಗುವಿನ ಆತಂಕ ಎಷ್ಟೋ ಇಳಿಯುತ್ತದೆ. ಆದರೆ ಅದೇ ಕೋಣೆಯ ತಲೆಯ ಮೇಲೆ ಚಪ್ಪರ. ದಾರಕ್ಕೆ ನೇತುಹಾಕಿದ ಚಿತ್ರ, ಬಣ್ಣದ ಕಾಗದ, ಫ್ಯಾನ್ ಹಾಕಿದರೆ ಎಲ್ಲವೂ ಪಟಪಟ. ಕೆಲವು ಮಕ್ಕಳ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಕೈಯಲ್ಲಿನ ಕಾರ್ಡು ಕೈಯಲ್ಲೇ. ಚಪ್ಪರ ಕೀಳಬೇಕೆಂದು ನಾನು ಹೇಳುವುದಿಲ್ಲ. ಅದು ಮಕ್ಕಳದೇ ಕೈಕೆಲಸ, ಅವರ ಹೆಮ್ಮೆ. ಒಂದು ಮೂಲೆಯ ಮೇಲ್ಭಾಗ ಖಾಲಿ ಬಿಡಿ, ಆ ಗೋಡೆಯನ್ನೂ ಬರಿದಾಗಿಡಿ. ಅಲ್ಲೊಂದು ಚಾಪೆ ಹಾಸಿ, ಬೇಕೆನಿಸಿದ ಮಗು ಹೋಗಿ ಕೂರಲಿ. ಅದು ಶಿಕ್ಷೆಯ ಮೂಲೆಯಾಗದಂತೆ ಮಾತ್ರ ನೋಡಿಕೊಳ್ಳಬೇಕು.

ಮಗುವಿಗೆ ಏನು ತಟ್ಟುತ್ತದೆಂದು ತಾಯಂದಿರನ್ನು ಕೇಳುವುದೇ ಕಡಿಮೆ. ಬಾಗಿಲಲ್ಲಿ ನಿಂತ ತಾಯಿ, “ಮನ್ಯಾಗ ಮಿಕ್ಸಿ ಹಾಕಿದ್ರೂ ಹಿಂಗ ಮಾಡ್ತಾನ್ರಿ ಟೀಚರ್, ಹೊಸ ಅಂಗಿ ಹಾಕಿದ್ರ ಕಾಲರ್ ಹರಕೊಂತಾನ” ಎಂದರೆ ಅದು ದೂರಲ್ಲ, ಬೇರೆಲ್ಲೂ ಸಿಗದ ಮಾಹಿತಿ. ಯಾವ ಸದ್ದು, ಯಾವ ಬಟ್ಟೆ, ಯಾವ ವಾಸನೆ, ಯಾವುದರಿಂದ ಸಮಾಧಾನ ಎಂದು ಟೀಚರ್ ಬರೆದಿಟ್ಟುಕೊಂಡರೆ ಮುಂದಿನ ವರ್ಷದ ಟೀಚರಿಗೂ ದಾರಿಯಾಗುತ್ತದೆ.

ವರ್ಷಕ್ಕೊಮ್ಮೆ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಇಂಥ ಮಕ್ಕಳನ್ನು ಗುರುತಿಸಬಹುದು, ಬ್ಲಾಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ನೆರವಾಗಬಹುದು. ಆದರೆ ಒಬ್ಬ ಬಿಐಇಆರ್‌ಟಿ ಎಷ್ಟು ಹಳ್ಳಿ ಸುತ್ತಿಯಾರು? ಉಳಿದ ದಿನಗಳಲ್ಲಿ ಮಗುವಿನ ಎದುರಿಗಿರುವುದು ತರಗತಿಯ ಟೀಚರೇ, ಅವರಿಗೂ ನರಮಂಡಲವಿದೆ. ತುಂಬಿದ ತರಗತಿಯಲ್ಲಿ, ಆ ಸೆಖೆಯಲ್ಲಿ, ಅವರ ದನಿ ಏರಿದರೆ ಹೆದರಿದ ಮಗುವಿನ ಎದೆ ಇನ್ನಷ್ಟು ಬಡಿದುಕೊಳ್ಳುತ್ತದೆ. ಅವರು ಉಸಿರನ್ನು ನಿಧಾನ ಹೊರಬಿಟ್ಟು, ದನಿ ತಗ್ಗಿಸಿ, ಒಂದು ತೋಳು ದೂರದಲ್ಲಿ ಕೂತರೆ ಮಗುವೂ ಸಮಾಧಾನಕ್ಕೆ ಬರುತ್ತದೆ. ಇದನ್ನು ಶಿಕ್ಷಕರ ತರಬೇತಿ ಪುಸ್ತಕದ ಅಧ್ಯಾಯದಲ್ಲಿ ಓದಿದರೆ ಸಾಲದು, ಮಾಡಿ ಕಲಿಯಬೇಕು. ಕ್ಲಸ್ಟರ್ ಸಮಾಲೋಚನಾ ಸಭೆಗಳು ಹೇಗೂ ನಡೆಯುತ್ತವೆ. ಅವುಗಳಲ್ಲಿ ಒಂದು ತಾಸನ್ನು ಇದಕ್ಕೇ ಮೀಸಲಿಡಲಿ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಆ ಊರಿನ ಒಬ್ಬಿಬ್ಬರು ತಾಯಂದಿರನ್ನೂ ಕರೆಸಿ ಮಾತಾಡಿಸಲಿ.