ಉಪ್ಪರಿಗೆಯ ತೊಲೆಯೊಳಗಿನ ಕುಂಬು

ಕಾಸರಗೋಡು ಸೀಮೆಯ ಹಳೆಯ ಹಂಚಿನ ಮನೆಗಳಲ್ಲಿ ಹಲವು ಇಂದಿಗೂ ಮರದ ಉಪ್ಪರಿಗೆಯನ್ನು ಹೊತ್ತು ನಿಂತಿವೆ. ಕೆಳಗೆ ತೊಲೆಗಳು, ಅವುಗಳ ಮೇಲೆ ಹಲಗೆಯ ಮುಚ್ಚಿಗೆ. ಅದರ ಮೇಲೆ ಅಡಕೆಯ ಮೂಟೆಗಳ ಭಾರ, ಮಕ್ಕಳ ಓಟ. ನೋಟಕ್ಕೆ ಗಟ್ಟಿಯಾಗಿರುವ ತೊಲೆಯು ಒಳಗೆ ಕುಂಬಾಗಿದ್ದರೆ ಒಂದು ದಿನ ಹಠಾತ್ತನೆ ಮುರಿಯಬಹುದು. ಆದುದರಿಂದ ಅದನ್ನು ಪರೀಕ್ಷಿಸುವ ಕ್ರಮವನ್ನು ಮನೆಮಂದಿಯೆಲ್ಲ ಅರಿತಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಮರವನ್ನು ಕುಂಬಾಗಿಸುವುದು ಮುದಿತನವಲ್ಲ, ಶಿಲೀಂಧ್ರ. ಎಂದರೆ ಅಣಬೆಯ ಕುಲದ ಜೀವಿ. ಅದಕ್ಕೆ ನೀರು ಬೇಕು. ಮರದ ತೇವವು ಅದರ ಒಣತೂಕದ ನೂರಕ್ಕೆ ೨೦ರೊಳಗಿದ್ದರೆ ಭಯವಿಲ್ಲ. ೩೦ನ್ನು ಮೀರಿ ಅಲ್ಲಿಯೇ ನಿಂತರೆ ಶಿಲೀಂಧ್ರವು ಸೊಂಪಾಗಿ ಬೆಳೆಯುತ್ತದೆ. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಅದಕ್ಕೆ ಒಡೆದ ಒಂದು ಹಂಚು ಸಾಕು. ಸಾಗುವಾನಿಯ ಮತ್ತು ಹಲಸಿನ ಚೇಗು ಬಹುಕಾಲ ತಾಳುತ್ತದೆ. ಅದೇ ಮರದ ಹೊರಗಿನ ಬಿಳಿಯ ಭಾಗ ತಾಳದು. ಮಾವಿನ ಹಲಗೆಯಂತೂ ಬೇಗನೆ ಕೆಡುತ್ತದೆ.

ಹುಡುಕುವವರು ತೊಲೆಯ ನಡುವನ್ನು ನೋಡಿ ತೃಪ್ತರಾಗಬಾರದು. ಕೇಡು ಹೆಚ್ಚಾಗಿ ಆರಂಭವಾಗುವುದು ತುದಿಯಲ್ಲಿ. ಮುರಕಲ್ಲಿನ ಗೋಡೆಯು ನೀರನ್ನು ಹೀರುತ್ತದೆ. ಅದರೊಳಗೆ ಹುದುಗಿದ ತೊಲೆಯ ಕೊಯ್ದ ಮುಖವು ಆ ನೀರನ್ನು ಪಕ್ಕಗಳಿಗಿಂತ ಬಹುವೇಗವಾಗಿ ಒಳಗೆಳೆದುಕೊಳ್ಳುತ್ತದೆ. ಕಂಬಗಳ ಬುಡ, ಮೊಳೆ ಹೊಡೆದ ಸ್ಥಳ, ಎರಡು ಮರಗಳ ಸಂದು, ಇವೂ ಸಂಶಯದ ಜಾಗಗಳೇ. ಬಣ್ಣವು ಗುಳ್ಳೆಯೆದ್ದಿದ್ದರೆ ಅದರಡಿಯನ್ನು ಕೆರೆದು ನೋಡಬೇಕು. ಹಳೆಯ ಮನೆಯಲ್ಲಿ ಒಂದೇ ತೊಲೆಗೆ ಹೊಸ ಬಣ್ಣ ಬಳಿದಿರುವುದನ್ನು ಕಂಡರೆ ನಾವು ಮೊದಲು ಅದನ್ನೇ ಶಂಕಿಸುವೆವು!

ಸಣ್ಣ ಸುತ್ತಿಗೆಯಿಂದ ತೊಲೆಯ ಉದ್ದಕ್ಕೂ ಮೆಲ್ಲನೆ ಬಡಿಯುತ್ತ ಸಾಗಿರಿ. ಒಳ್ಳೆಯ ಮರವು ಖಣಿಲೆಂದು ಉಲಿಯುತ್ತದೆ, ಕುಂಬಾದುದು ಡಬ್ಬೆಂದು ಮಂದವಾಗಿ. ಶಬ್ದ ಬದಲಾದಲ್ಲಿ ದಬ್ಬಣವನ್ನು ಒತ್ತಿ ಚುಚ್ಚಿ, ನಾರಿನ ಒಂದು ಎಳೆಯನ್ನು ಮೀಟಿ ಎಬ್ಬಿಸಿರಿ. ನಮ್ಮ ಎಣಿಕೆಯಲ್ಲಿ ಇದೇ ಅತ್ಯುತ್ತಮ ಪರೀಕ್ಷೆ. ಗಟ್ಟಿಮರದಿಂದ ಉದ್ದನೆಯ ಸಿಬಿರು ಚಟ್ಟನೆ ಸಿಡಿದು ಏಳುತ್ತದೆ. ಕುಂಬು ಹಿಡಿದುದು ಸದ್ದಿಲ್ಲದೆ, ಮೀಟಿದಲ್ಲಿಯೇ ತುಂಡಾಗುತ್ತದೆ. ಕಂದುಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರಿದಿದ್ದರೆ ಅದು ಒಂದು ಬಗೆಯ ಕುಂಬು. ಬಿಳಿಚಿ ನಾರುನಾರಾಗಿದ್ದರೆ ಇನ್ನೊಂದು. ಒಳಗೆ ಮಣ್ಣಿನ ಹಾದಿಗಳು ಕಂಡರೆ ಅದು ಗೆದ್ದಲಿನ ಕೆಲಸ, ಅದರ ಚಿಕಿತ್ಸೆಯೇ ಬೇರೆ. ತೇವವನ್ನಳೆಯುವ ಪುಟ್ಟ ವಿದ್ಯುದುಪಕರಣಗಳೂ ಈಗ ದೊರೆಯುತ್ತವೆ; ಆದರೆ ಬೇಸಿಗೆಯಲ್ಲಿ ಒಣಗಿದ ಕುಂಬನ್ನು ಅವು ತೋರಿಸಲಾರವು, ದಬ್ಬಣ ತೋರಿಸೀತು.

ಬಾಲಕರು ಈ ಪರೀಕ್ಷೆಯನ್ನು ಹಿರಿಯರ ಜೊತೆಗಲ್ಲದೆ ಮಾಡತಕ್ಕದ್ದಲ್ಲ. ದಬ್ಬಣವು ಸಲೀಸಾಗಿ ಇಳಿದರೆ ಒಡನೆಯೇ ಮೇಲಿನ ಭಾರವನ್ನಿಳಿಸಿ, ಯಾರೂ ಅತ್ತ ಸುಳಿಯದಂತೆ ಮಾಡಿ, ಅನುಭವಿ ಆಚಾರಿಯನ್ನು ಕರೆಸಿರಿ. ಅವರು ತೊಲೆಗೆ ಬಲವಾದ ಕಂಬದ ಆಧಾರ ಕೊಟ್ಟ ಮೇಲೆಯೇ ಮುಂದಿನ ಕೆಲಸ. ಎಲ್ಲಕ್ಕೂ ಮೊದಲು ಆ ನೀರು ಎಲ್ಲಿಂದ ಬಂದಿತೆಂದು ಕಂಡುಹಿಡಿದು ಅದನ್ನು ತಡೆಯಬೇಕು; ಇಲ್ಲವಾದರೆ ಹೊಸ ತೊಲೆಗೂ ಅದೇ ಗತಿ.